ಕೋಲ್ಕತಾದ ಕೊಳಚೆ: ನಗುವ ಮುನ್ನ ಒಮ್ಮೆ ಪೂರ್ವ ದಿಕ್ಕಿಗೆ ನೋಡಿ

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂಬ ಗಾದೆಯನ್ನು ನಮ್ಮ ಹಿರಿಯರು ಬೇರೆ ಅರ್ಥದಲ್ಲಿ ಹೇಳಿದ್ದಾರೆ. ಆದರೆ ಕೋಲ್ಕತಾ ಮಹಾನಗರದಲ್ಲಿ ಅದು ಅಕ್ಷರಶಃ ನಿಜ. ಇಲ್ಲಿ ಚರಂಡಿಯ ಮಾತು ಬಂದರೆ ಜನ ಮೊದಲು ಮೂಗು ಹಿಡಿಯುತ್ತಾರೆ, ಆಮೇಲೆ ಬಾಯಿ ತೆರೆದು ನಗುತ್ತಾರೆ. ಮಳೆಗಾಲದಲ್ಲಿ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತರೆ ‘ಇವತ್ತು ಟ್ರಾಮ್ ಬೇಡ, ದೋಣಿ ಸಾಕು’ ಎನ್ನುವ ಊರು ಇದು. ಈ ನಗೆ ಸ್ವಭಾವವನ್ನು ಇಲ್ಲಿ ನೆಲೆಸಿರುವ ಕನ್ನಡಿಗರಾದ ನಾವೂ ಸಾಕಷ್ಟು ಕಲಿತಿದ್ದೇವೆ.

ನಮ್ಮವರ ಕೂಟಗಳಲ್ಲಿ ಊಟಕ್ಕೆ ಕುಳಿತಾಗ ಈ ಸಂಭಾಷಣೆ ಕೇಳದವರು ವಿರಳ. ಸಸ್ಯಾಹಾರಿಗಳ ಸಾಲಿನಿಂದ ಒಬ್ಬರು, ‘ಏನು ಶೆಟ್ರೇ, ಇಲ್ಲಿನ ಭೇರಿ ಮೀನು ತಿನ್ನುತ್ತೀರಂತೆ? ನಿನ್ನೆ ನಾವು ಪುಕ್ಕಟೆ ಕಳುಹಿಸಿದ್ದನ್ನು ಇವತ್ತು ನೀವು ದುಡ್ಡು ಕೊಟ್ಟು ವಾಪಸು ತಂದಿರಿ’ ಎನ್ನುತ್ತಾರೆ. ಶೆಟ್ಟರು ಸುಮ್ಮನಿರುವವರಲ್ಲ. ‘ಭಟ್ರೇ, ನಿಮ್ಮ ತಟ್ಟೆಯಲ್ಲಿರುವ ಹೂಕೋಸಿನ ಪಲ್ಯ ಧಾಪಾದ್ದು. ಅದರ ವಿಳಾಸವೂ ಅದೇ ಚರಂಡಿ’ ಎಂದು ತಿರುಗೇಟು ಕೊಡುತ್ತಾರೆ. ಪಂಕ್ತಿಯೆಲ್ಲ ನಗುತ್ತದೆ. ಊಟವೇನೂ ನಿಲ್ಲುವುದಿಲ್ಲ.

ಈ ತಮಾಷೆಯಲ್ಲಿ ಸತ್ಯಾಂಶ ಎಷ್ಟು, ಮರೆತ ಅಂಶ ಎಷ್ಟು ಎಂಬುದನ್ನು ಅರಿಯುವುದು ಒಳ್ಳೆಯದು. ನಾವು ಬಚ್ಚಲಿನಲ್ಲಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ, ಯಾರು ಅದನ್ನು ತೊಳೆಯುತ್ತಾರೆ, ಕೊನೆಗೆ ಸಮುದ್ರಕ್ಕೆ ಯಾವ ರೂಪದಲ್ಲಿ ಸೇರುತ್ತದೆ ಎಂಬ ಪ್ರಶ್ನೆಗೆ ದೇಶದ ಬೇರೆ ಯಾವ ಮಹಾನಗರದಲ್ಲೂ ಸಿಗದಂತಹ ಉತ್ತರ ಕೋಲ್ಕತಾದಲ್ಲಿದೆ.

ಹಳೆಯ ನಗೆ, ಹಳೆಯ ವಾಸನೆ

ಕೋಲ್ಕತಾದ ಹೊಲಸನ್ನು ಹಾಸ್ಯದ ವಸ್ತುವಾಗಿಸಿದ್ದು ಇಂದಿನವರಲ್ಲ. ‘ಸಂವಾದ ಪ್ರಭಾಕರ’ ಪತ್ರಿಕೆಯ ಸಂಪಾದಕರಾಗಿದ್ದ ಬಂಗಾಳಿ ಕವಿ ಈಶ್ವರಚಂದ್ರ ಗುಪ್ತ (1812–1859) ಈ ಊರಿನ ನೊಣ-ಸೊಳ್ಳೆಗಳ ಮೇಲೆ ಹೇಳಿದ ಚುಟುಕು ಇಂದಿಗೂ ಬಂಗಾಳಿಗಳ ನಾಲಿಗೆಯ ತುದಿಯಲ್ಲಿದೆ. ಮನೆಗೆ ಬಂದ ನೆಂಟರಿಗೆ ಸೊಳ್ಳೆ ಕಚ್ಚಿದೊಡನೆ ಅದನ್ನು ಹೇಳಿ ನಗಿಸುವ ಹಿರಿಯರು ಈಗಲೂ ಇದ್ದಾರೆ.

ಅನಂತರ 1888ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ಆಂಗ್ಲ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಈ ನಗರದ ನಾತಕ್ಕೆ ಒಂದು ಹೆಸರನ್ನೇ ಇಟ್ಟು, ಅದನ್ನು ಸರಕಾರಿ ಇಲಾಖೆಯ ಹೆಸರಿನಂತೆ ಮೂರಕ್ಷರಕ್ಕೆ ಇಳಿಸಿ, ಓದುಗರನ್ನು ನಗಿಸಿದ. ಅಷ್ಟರಲ್ಲಾಗಲೇ ಇಲ್ಲಿ ನೆಲದಡಿಯ ಇಟ್ಟಿಗೆಯ ಒಳಚರಂಡಿ ಕೆಲಸ ಮಾಡುತ್ತಿತ್ತು ಎಂಬುದು ಗಮನಾರ್ಹ. ಇಡೀ ಊರು ಒಳಚರಂಡಿಯ ಸೌಲಭ್ಯ ಕಾಣದೇ ಇದ್ದರೂ, ಅದನ್ನು ಕಟ್ಟಿದವರ ಶ್ರಮಕ್ಕಿಂತ ಕಟ್ಟದೇ ಉಳಿದ ಕಡೆಯ ವಾಸನೆಯೇ ಹೆಚ್ಚು ಪ್ರಸಿದ್ಧವಾಯಿತು. ನಗು ಹೀಗೆಯೇ ಕೆಲಸ ಮಾಡುತ್ತದೆ. ಕಣ್ಣಿಗೆ, ಮೂಗಿಗೆ ಬಡಿದದ್ದನ್ನು ನೆನಪಿಡುತ್ತದೆ. ನೆಲದಡಿಯಲ್ಲಿ ಸದ್ದಿಲ್ಲದೆ ನಡೆಯುವುದನ್ನು ಮರೆಸುತ್ತದೆ.

ನದಿಗೆ ಬೆನ್ನು ಹಾಕಿದ ಇಳಿಜಾರು

ಕೋಲ್ಕತಾದ ಚರಂಡಿಯ ಕಥೆ ಆರಂಭವಾಗುವುದು ನೆಲದ ಇಳಿಜಾರಿನಿಂದ. ಪಶ್ಚಿಮದಲ್ಲಿ ಹೂಗ್ಲಿ ನದಿ ಹರಿಯುವುದರಿಂದ ಊರಿನ ಹೊಲಸು ಅತ್ತಲೇ ಹರಿಯಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ನದಿಯು ನೂರಾರು ವರ್ಷ ಹೂಳು ತಂದು ತನ್ನ ದಂಡೆಯನ್ನೇ ಎತ್ತರ ಮಾಡಿಕೊಂಡಿದೆ. ನೆಲ ನದಿಯಿಂದ ದೂರ, ಪೂರ್ವದ ಉಪ್ಪುನೀರಿನ ಜೌಗು ಪ್ರದೇಶದ ಕಡೆಗೆ ಇಳಿಯುತ್ತದೆ. ಗವರ್ನರ್ ಜನರಲ್ ವೆಲ್ಲೆಸ್ಲಿ 1803ರಲ್ಲಿ ನಗರ ಸುಧಾರಣೆಯ ಬಗ್ಗೆ ಬರೆಸಿದ ಟಿಪ್ಪಣಿಯಲ್ಲಿ ಈ ಚರಂಡಿ ದೋಷದ ಪ್ರಸ್ತಾಪವಿದೆ. ಮುಂದೆ ವಿಲಿಯಂ ಕ್ಲಾರ್ಕ್ ಎಂಬ ಇಂಜಿನಿಯರ್ ನೆಲದಡಿಯ ಒಳಚರಂಡಿಯ ಯೋಜನೆ ತಯಾರಿಸಿದರು. 1859ರಲ್ಲಿ ಕೆಲಸ ಆರಂಭವಾಯಿತು. ಊರಿನ ಹೊಲಸು ಪೂರ್ವಕ್ಕೆ ಹರಿದು ವಿದ್ಯಾಧರಿ ನದಿಯನ್ನು ಸೇರತೊಡಗಿತು.

ವಿದ್ಯಾಧರಿ ಎಂಬ ಸುಂದರ ಹೆಸರಿನ ಈ ನದಿ ಉಬ್ಬರ-ಇಳಿತದ ಹೊಳೆ. ಸಮುದ್ರದ ನೀರು ದಿನಕ್ಕೆರಡು ಬಾರಿ ಒಳಗೆ ಬಂದು ಹೊರಗೆ ಹೋಗುವಾಗ ಊರಿನ ಕೊಳೆಯನ್ನೂ ಎಳೆದೊಯ್ಯುತ್ತಿತ್ತು. ಕಾಲಕ್ರಮೇಣ ಹೂಳು ತುಂಬಿ, ಮೇಲಿನಿಂದ ಬರುವ ನೀರು ಕಡಿಮೆಯಾಗಿ, ನದಿ ಬತ್ತುತ್ತ ಬಂತು. 1928ರಲ್ಲಿ ವಿದ್ಯಾಧರಿ ಸತ್ತ ನದಿಯೆಂದು ಸರಕಾರವೇ ಘೋಷಿಸಿತು. ಕೊಳಚೆಯನ್ನು ನುಂಗುತ್ತಿದ್ದ ನದಿಯೇ ಇಲ್ಲವಾದಾಗ ನಗರ ಕಂಗಾಲಾಯಿತು. ಆಗ ಕಲ್ಕತ್ತಾ ಕಾರ್ಪೊರೇಶನ್ನಿನ ಇಂಜಿನಿಯರ್ ಡಾ. ಬಿ. ಎನ್. ಡೇ ಅವರು ಇನ್ನೂ ಪೂರ್ವಕ್ಕೆ, ಕುಲ್ಟಿ ನದಿಯವರೆಗೆ ಉದ್ದನೆಯ ಎರಡು ಕಾಲುವೆಗಳನ್ನು ತೆಗೆಯುವ ಯೋಜನೆ ಹಾಕಿದರು. ಒಂದು ದಿನನಿತ್ಯದ ಕೊಳಚೆಗೆ, ಇನ್ನೊಂದು ಮಳೆನೀರಿಗೆ. 1940ರ ದಶಕದಲ್ಲಿ ಇದು ಕಾರ್ಯಾರಂಭ ಮಾಡಿತು. ಆಸನ್ಸೋಲ್ ಬಳಿಯ ಕುಲ್ಟಿ ಪಟ್ಟಣವೇ ಬೇರೆ, ಇದು ಸುಂದರಬನದ ಕಡೆಗೆ ಹರಿಯುವ ನದಿ. ಇಂದಿಗೂ ನಮ್ಮ ಲೇಕ್ ಮಾರ್ಕೆಟ್, ಭವಾನೀಪುರ, ಗಡಿಯಾಹಾಟ್ ಭಾಗದ ನೀರು ಪಂಪಿಂಗ್ ಸ್ಟೇಷನ್ನುಗಳನ್ನು ದಾಟಿ ಪೂರ್ವಕ್ಕೆ ಹೋಗಿ, ಕೊನೆಗೆ ಕುಲ್ಟಿಯ ಮೂಲಕ ಸುಂದರಬನದ ಅಳಿವೆಗಳನ್ನು ಹೊಕ್ಕು ಬಂಗಾಳ ಕೊಲ್ಲಿಯನ್ನು ಸೇರಬೇಕು.

ಆದರೆ ನಡುದಾರಿಯಲ್ಲಿ ಇನ್ನೊಂದು ಘಟನೆ ನಡೆಯುತ್ತದೆ.

ಕೈ ಕೆಸರಾದರೆ ಬಾಯಿ ಮೊಸರು

ಕನ್ನಡದಲ್ಲಿ ಭೇರಿ ಎಂದರೆ ನಗಾರಿ. ಬಂಗಾಳಿಯಲ್ಲಿ ಭೇರಿ ಎಂದರೆ ಬದು ಕಟ್ಟಿ ಮೀನು ಸಾಕುವ ವಿಶಾಲವಾದ ಕೆರೆ. ಉಪ್ಪುನೀರಿನ ಜೌಗಿನಲ್ಲಿ ಮೊದಲು ಉಪ್ಪುನೀರಿನ ಮೀನುಗಳೇ ಇದ್ದವು. ವಿದ್ಯಾಧರಿ ಬತ್ತಿ ಸಮುದ್ರದ ನೀರು ಬರುವುದು ನಿಂತಾಗ ಮೀನುಗಾರರ ಹೊಟ್ಟೆಯ ಮೇಲೆ ಬರೆ ಬಿತ್ತು. ಆಗ 1930ರ ಆಸುಪಾಸಿನಲ್ಲಿ ಇಲ್ಲಿನವರು ಊರಿನ ಕೊಳಚೆಯನ್ನೇ ಲೆಕ್ಕ ಹಾಕಿ ಕೆರೆಗೆ ಬಿಟ್ಟು ಸಿಹಿನೀರಿನ ಮೀನು ಸಾಕುವ ಪ್ರಯೋಗ ಮಾಡಿದರು. ಅದು ಫಲಿಸಿತು. ನೋಡನೋಡುತ್ತ ಅಕ್ಕಪಕ್ಕದ ಕೆರೆಗಳವರೂ ಅದೇ ದಾರಿ ಹಿಡಿದರು. ಅದಕ್ಕೂ ಮೊದಲೇ, 19ನೇ ಶತಮಾನದ ಕೊನೆಯ ಭಾಗದಲ್ಲಿ, ಊರಿನ ಕಸ ಸುರಿಯುವ ಧಾಪಾದಲ್ಲಿ ಕಸದ ಗೊಬ್ಬರದ ಮೇಲೆ ತರಕಾರಿ ಬೆಳೆಯುವುದು ಆರಂಭವಾಗಿತ್ತು. ಭಟ್ಟರ ಹೂಕೋಸಿನ ವಂಶಾವಳಿ ಅಲ್ಲಿಂದ ಬಂದದ್ದು.

ಭೇರಿಯ ಕೆಲಸದ ಕ್ರಮ ಹೀಗಿದೆ. ಚಳಿಗಾಲದಲ್ಲಿ ಕೆರೆಯ ನೀರು ಬಸಿದು, ತಳವನ್ನು ಬಿಸಿಲಿಗೆ ಒಣಗಿಸಿ, ಉತ್ತು, ಸುಣ್ಣ ಹಾಕುತ್ತಾರೆ. ಬಳಿಕ ತೂಬು ಎತ್ತಿ ಕೊಳಚೆ ನೀರನ್ನು ಬಿಟ್ಟು ಕೆಲವು ವಾರ ಹಾಗೆಯೇ ನಿಲ್ಲಿಸುತ್ತಾರೆ. ಕೆರೆಯ ಆಳ ಹೆಚ್ಚಿಲ್ಲ, ಮೊಣಕಾಲಿನಿಂದ ಎದೆಮಟ್ಟದವರೆಗೆ ಮಾತ್ರ. ಆದ್ದರಿಂದ ಬಿಸಿಲು ತಳದವರೆಗೆ ಇಳಿಯುತ್ತದೆ. ಹೊಲಸನ್ನು ಬ್ಯಾಕ್ಟೀರಿಯಾಗಳು ಒಡೆದು ಗೊಬ್ಬರವಾಗಿಸುತ್ತವೆ. ಆ ಗೊಬ್ಬರವನ್ನು ಉಂಡು ಪಾಚಿ ಬೆಳೆಯುತ್ತದೆ. ಬಿಸಿಲಿನಲ್ಲಿ ಪಾಚಿ ಬಿಡುವ ಆಮ್ಲಜನಕದಿಂದ ಬ್ಯಾಕ್ಟೀರಿಯಾಗಳ ಕೆಲಸ ಇನ್ನೂ ಚುರುಕಾಗುತ್ತದೆ. ಪಾಚಿ ಅತಿಯಾದರೆ ನೀರು ಕೆಡುತ್ತದೆ. ಅದಕ್ಕಾಗಿ ಮೀನು ಬೇಕು. ರೋಹು, ಕಾಟ್ಲಾ, ಮೃಗಾಲ್, ತಿಲಾಪಿಯಾಗಳು ಪಾಚಿಯನ್ನೂ ನೀರಿನ ಸೂಕ್ಷ್ಮಜೀವಿಗಳನ್ನೂ ತಿಂದು ಕೊಬ್ಬುತ್ತವೆ. ಅಂದರೆ ಶೆಟ್ಟರ ತಟ್ಟೆಗೆ ಬರುವ ಮೀನು ಭಟ್ಟರು ಹೇಳುವುದನ್ನು ನೇರವಾಗಿ ತಿಂದದ್ದಲ್ಲ. ಬಿಸಿಲು, ಬ್ಯಾಕ್ಟೀರಿಯಾ, ಪಾಚಿ ಎಂಬ ಮೂರು ಮೆಟ್ಟಿಲು ದಾಟಿದ ಮೇಲಷ್ಟೇ ಅದು ಮೀನಿನ ಆಹಾರ. ಗದ್ದೆಗೆ ಸೆಗಣಿ ಹಾಕಿ ಅನ್ನ ಉಣ್ಣುವ ನಾವು ಇದಕ್ಕೆ ಬೆಚ್ಚಿಬೀಳಬೇಕಾಗಿಲ್ಲ.

ಬದುವಿನ ಅಂಚಿನಲ್ಲಿ ಅಂತರಗಂಗೆಯ ಸಾಲು ಬೆಳೆಸುತ್ತಾರೆ. ಬೇರೆ ಕಡೆ ಪೀಡೆಯೆನಿಸಿದ ಈ ಕಳೆ ಇಲ್ಲಿ ಅಲೆಗಳಿಂದ ಬದುವನ್ನು ಕಾಯುತ್ತದೆ, ನೀರಿನಲ್ಲಿರುವ ಲೋಹದ ಅಂಶವನ್ನು ಹೀರುತ್ತದೆ, ಬಿಸಿಲು ಹೆಚ್ಚಾದಾಗ ಮೀನಿಗೆ ನೆರಳು ಕೊಡುತ್ತದೆ. ಮೀನಿನ ಕೆರೆಯಿಂದ ಹೊರಬಿದ್ದ ನೀರು ಭತ್ತದ ಗದ್ದೆಗಳಿಗೆ ಹೋಗುತ್ತದೆ. ಕುಲ್ಟಿಗೆ ಸೇರುವ ಹೊತ್ತಿಗೆ ಅದು ಊರಿನಿಂದ ಹೊರಟ ನೀರಾಗಿ ಉಳಿದಿರುವುದಿಲ್ಲ. ಸಮುದ್ರಕ್ಕೆ ಸೇರುವ ಕೊಳೆಯ ಹೊರೆಯನ್ನು ಮೀನುಗಾರರು, ರೈತರು ದಾರಿಯಲ್ಲೇ ಇಳಿಸಿಕೊಂಡಿದ್ದಾರೆ.

ಕೋಲ್ಕತಾ ದಿನಕ್ಕೆ ಹೊರಬಿಡುವ ಕೊಳಚೆ ಸುಮಾರು 90 ಕೋಟಿ ಲೀಟರ್ ಎಂಬುದು ಸಾಮಾನ್ಯವಾಗಿ ನೀಡಲಾಗುವ ಅಂದಾಜು. 12,500 ಹೆಕ್ಟೇರ್ ವಿಸ್ತಾರದ ಪೂರ್ವ ಕೋಲ್ಕತಾ ಜೌಗು ಪ್ರದೇಶದಲ್ಲಿ ಇನ್ನೂರೈವತ್ತರಷ್ಟು ಭೇರಿಗಳನ್ನು ಗುರುತಿಸಲಾಗಿದೆ. ವರ್ಷಕ್ಕೆ 10,000 ಟನ್ನಿಗೂ ಹೆಚ್ಚು ಮೀನು ಇಲ್ಲಿಂದ ಮಾರುಕಟ್ಟೆಗೆ ಬರುತ್ತದೆ. ಬೇರೆ ಮಹಾನಗರಗಳು ವಿದ್ಯುತ್ತು, ಯಂತ್ರ, ರಾಸಾಯನಿಕಗಳಿಗೆ ಕೋಟಿಗಟ್ಟಲೆ ಸುರಿದು ಮಾಡಿಸುವ ಕೆಲಸದ ಬಹುಭಾಗವನ್ನು ಇಲ್ಲಿ ಬಿಸಿಲು ಮತ್ತು ಬೆವರು ಮಾಡುತ್ತಿವೆ. ಕೋಲ್ಕತಾದಲ್ಲಿ ಮೀನು-ತರಕಾರಿ ಅಗ್ಗವೆಂದು ಊರಿನವರ ಮುಂದೆ ಹೇಳಿಕೊಳ್ಳುವ ನಾವು ಈ ಋಣವನ್ನು ಮರೆಯುವಂತಿಲ್ಲ.

‘ಹೊಲಸು ಎಲ್ಲಿಗೆ ಹೋಗುತ್ತದೆ?’

ಇಷ್ಟೆಲ್ಲ ನಡೆಯುತ್ತಿದ್ದರೂ 1980ರ ದಶಕದ ಆರಂಭದವರೆಗೆ ನಗರದ ವಿದ್ಯಾವಂತರಿಗೆ ಇದರ ಅರಿವಿರಲಿಲ್ಲ. ಈ ನಗರದ ಕೊಳಚೆ ಏನಾಗುತ್ತದೆ ಎಂದು ಬೆನ್ನಟ್ಟಿ ಹೋದವರು ರಾಜ್ಯ ಸರಕಾರದ ಇಂಜಿನಿಯರ್ ಧ್ರುವಜ್ಯೋತಿ ಘೋಷ್ (1947–2018). ಕಾಲುವೆಯ ಜಾಡು ಹಿಡಿದು ನಡೆದ ಅವರಿಗೆ ಕಂಡದ್ದು ಓದು-ಬರಹದ ಹಂಗಿಲ್ಲದೆ ಮೀನುಗಾರರು ನಡೆಸುತ್ತಿದ್ದ ಬೃಹತ್ ಶುದ್ಧೀಕರಣ ವ್ಯವಸ್ಥೆ. ಅವರು ಅದರ ನಕ್ಷೆ ಬರೆಸಿದರು, ಹೆಸರು ಕೊಟ್ಟರು, ಜೀವಮಾನವಿಡೀ ಅದರ ಪರವಾಗಿ ವಾದಿಸಿದರು. 1990ರಲ್ಲಿ ವಿಶ್ವಸಂಸ್ಥೆಯ ಗ್ಲೋಬಲ್ 500 ಗೌರವ ಅವರಿಗೆ ಸಂದಿತು.

ಪೂರ್ವದ ಜೌಗು ಭೂಮಿಯ ಮೇಲೆ ಊರಿನ ಕಣ್ಣು ಬಿದ್ದದ್ದು ಹೊಸತಲ್ಲ. ಇಂದು ನಮ್ಮ ಅನೇಕ ಕುಟುಂಬಗಳು ವಾಸಿಸುವ ಸಾಲ್ಟ್ ಲೇಕ್ ಬಡಾವಣೆ ನಿಂತಿರುವುದೇ 1960ರ ದಶಕದಲ್ಲಿ ಹೂಗ್ಲಿಯ ಹೂಳೆತ್ತಿ ತುಂಬಿಸಿದ ಭೇರಿಗಳ ಮೇಲೆ. ಹೆಸರಿನಲ್ಲಿ ಮಾತ್ರ ಕೆರೆ ಉಳಿದಿದೆ. ಇನ್ನಷ್ಟು ತುಂಬಿಸಿ ವಾಣಿಜ್ಯ ಕೇಂದ್ರ ಕಟ್ಟುವ ಪ್ರಸ್ತಾಪ ಬಂದಾಗ ನಾಗರಿಕರ ಸಂಘಟನೆಯೊಂದು ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲೇರಿತು. 1992ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಉಮೇಶ್ ಚಂದ್ರ ಬ್ಯಾನರ್ಜಿ ಅವರು ಜೌಗು ಪ್ರದೇಶದ ಪರವಾಗಿ ಮಹತ್ವದ ತೀರ್ಪಿತ್ತರು. 2002ರ ಆಗಸ್ಟ್ 19ರಂದು ಇದು ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಯಿತು. 2006ರಲ್ಲಿ ರಾಜ್ಯ ವಿಧಾನಸಭೆ ಇದರ ರಕ್ಷಣೆಗೆ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು.

ಅದೇ ಕೊಳಚೆ, ಬೇರೆ ಗತಿ

ಇಲ್ಲಿ ನಮ್ಮ ಬೆಂಗಳೂರನ್ನು ನೆನೆಯದೆ ಇರಲಾಗದು. ಬೆಳ್ಳಂದೂರು ಕೆರೆಗೂ ಸೇರಿದ್ದು ಊರಿನ ಕೊಳಚೆಯೇ. ಆದರೆ 2015ರ ಮೇ ತಿಂಗಳಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆಯಂಗಳ ಹೊತ್ತಿ ಉರಿದಾಗ ಆರಿಸಲು ಸೇನೆಯ ಯೋಧರೇ ಬರಬೇಕಾಯಿತು. ನೊರೆ ರಸ್ತೆಗೆ ಹಾರಿದಾಗ ‘ಕಾಶ್ಮೀರಕ್ಕೆ ಹೋಗುವ ಖರ್ಚು ಉಳಿಯಿತು, ಹಿಮ ಮನೆ ಬಾಗಿಲಿಗೇ ಬಂತು’ ಎಂಬ ನಗೆಹನಿಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ನೀರಿಗೆ ಬೆಂಕಿ ಹತ್ತುವುದು ಪುರಾಣದಲ್ಲಿ ಮಾತ್ರವಲ್ಲ, ಬೆಂಗಳೂರಿನಲ್ಲೂ ಉಂಟು ಎಂದು ಕೋಲ್ಕತಾದ ನೆರೆಹೊರೆಯವರು ನಮ್ಮನ್ನು ಛೇಡಿಸಿದ್ದೂ ಉಂಟು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕರ್ನಾಟಕ ಸರಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿತು.

ಎರಡೂ ಕಡೆ ಕೊಳಚೆಯೇ. ಒಂದು ಕಡೆ ಮೀನು ಬೆಳೆದರೆ ಇನ್ನೊಂದು ಕಡೆ ಬೆಂಕಿ ಏಕೆ ಬೆಳೆಯಿತು? ವ್ಯತ್ಯಾಸ ಹಲವಾರಿದೆ. ಬೆಳ್ಳಂದೂರಿಗೆ ಬಂದದ್ದರಲ್ಲಿ ಸಾಬೂನಿನ ಪುಡಿಯ ರಾಸಾಯನಿಕ ಹೆಚ್ಚು, ಆಳ ಹೆಚ್ಚು, ನೀರು ಬರುವುದಕ್ಕೆ ಮಿತಿಯಿಲ್ಲ. ಆದರೆ ಮುಖ್ಯ ವ್ಯತ್ಯಾಸ ಮನುಷ್ಯರದ್ದು. ಭೇರಿಯ ತೂಬಿನ ಬಳಿ ಒಬ್ಬ ಮನುಷ್ಯನಿದ್ದಾನೆ. ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು, ನೀರಿನ ಬಣ್ಣ ಏಕೆ ಬದಲಾಯಿತು ಎಂಬುದನ್ನು ಅವನು ದಿನವೂ ನೋಡುತ್ತಾನೆ. ನೋಡದಿದ್ದರೆ ಮರುದಿನ ಬೆಳಗ್ಗೆ ಮೀನು ಸತ್ತು ತೇಲುತ್ತದೆ, ಅವನ ಮನೆಯ ಒಲೆ ಉರಿಯುವುದಿಲ್ಲ. ಬೆಳ್ಳಂದೂರಿನ ಕೆರೆಯನ್ನು ಆ ರೀತಿ ನೋಡುವ ಕಣ್ಣನ್ನು ನಗರ ಬೆಳೆಯುವ ಭರದಲ್ಲಿ ಕಳೆದುಕೊಂಡಿತ್ತು. ಕೊಳಚೆ ‘ಯಾರದೂ ಅಲ್ಲ’ ಎಂದಾದಾಗ ಅದು ವಿಷ. ಅದಕ್ಕೊಬ್ಬ ವಾರಸುದಾರನಿದ್ದರೆ ಅದೇ ಗೊಬ್ಬರ.

ಇದರಲ್ಲೊಂದು ವಿಚಿತ್ರವಿದೆ. ಲೋಕದಲ್ಲೆಲ್ಲ ಜನ ‘ನಮ್ಮ ಊರಿಗೆ ಕೊಳಚೆ ಬಿಡಬೇಡಿ’ ಎಂದು ಹೋರಾಟ ಮಾಡಿದರೆ, ಇಲ್ಲಿನ ಮೀನುಗಾರರ ದೂರು ‘ನಮಗೆ ಸಾಕಷ್ಟು ಕೊಳಚೆ ಕೊಡುತ್ತಿಲ್ಲ’ ಎಂದು! ಕಾಲುವೆಗಳಲ್ಲಿ ಹೂಳು ತುಂಬಿ, ನೀರಿನ ಮಟ್ಟ ತೂಬಿನ ಎತ್ತರಕ್ಕೆ ಏರದೆ, ಎಷ್ಟೋ ಭೇರಿಗಳಿಗೆ ಬೇಕಾದಷ್ಟು ಸಿಗುತ್ತಿಲ್ಲ. ಕೋಲ್ಕತಾದ ನಗೆಗಾರರಿಗೆ ಇದಕ್ಕಿಂತ ದೊಡ್ಡ ವಸ್ತು ಸಿಗಲಿಕ್ಕಿಲ್ಲ. ಆದರೆ ಭೇರಿಗೆ ಹೋಗದ ಕೊಳಚೆ ಹಾಗೆಯೇ ಹಸಿಯಾಗಿ ಸುಂದರಬನದ ಅಳಿವೆಗೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ನದಿ, ಸಮುದ್ರದ ಪಾಲು

ಇಷ್ಟು ಹೇಳಿದಾಕ್ಷಣ ಕೋಲ್ಕತಾ ಸ್ವಚ್ಛವೆಂದು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಜೌಗು ಪ್ರದೇಶದ ಭಾಗ್ಯ ಪೂರ್ವಕ್ಕೆ ಇಳಿಯುವ ನೀರಿಗೆ ಮಾತ್ರ. ಹೂಗ್ಲಿಯ ಎರಡೂ ದಂಡೆಯ ಪಟ್ಟಣಗಳ ಎಷ್ಟೋ ನಾಲೆಗಳು ನೇರವಾಗಿ ನದಿಗೆ ಬೀಳುತ್ತವೆ. ಹೂಗ್ಲಿಯೂ ಉಬ್ಬರ-ಇಳಿತದ ನದಿಯಾದ್ದರಿಂದ ಇಳಿತದಲ್ಲಿ ತೇಲಿಹೋದದ್ದು ಉಬ್ಬರದಲ್ಲಿ ಅದೇ ಘಾಟಿಗೆ ಮರಳಿ ಬರುವುದನ್ನು ಬಾಬುಘಾಟಿನಲ್ಲಿ ಸ್ವಲ್ಪ ಹೊತ್ತು ನಿಂತವರು ಕಂಡಿದ್ದಾರೆ. 1986ರಲ್ಲಿ ಗಂಗಾ ಕ್ರಿಯಾ ಯೋಜನೆ ಬಂತು, ಆಮೇಲೆ ನಮಾಮಿ ಗಂಗೆ ಬಂತು. ಆದರೂ 2022ರ ಸೆಪ್ಟೆಂಬರಿನಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ಬಂದ ಲೆಕ್ಕದ ಪ್ರಕಾರ ಪಶ್ಚಿಮ ಬಂಗಾಳದ ನಗರಗಳಲ್ಲಿ ದಿನಕ್ಕೆ ಉತ್ಪತ್ತಿಯಾಗುವ ಕೊಳಚೆ 275.8 ಕೋಟಿ ಲೀಟರ್, ಶುದ್ಧವಾಗುತ್ತಿದ್ದುದು 126.8 ಕೋಟಿ ಲೀಟರ್ ಮಾತ್ರ. ಕೊಳಚೆ ಮತ್ತು ಘನತ್ಯಾಜ್ಯಗಳ ನಿರ್ವಹಣೆಯ ಲೋಪಕ್ಕಾಗಿ ರಾಜ್ಯಕ್ಕೆ ವಿಧಿಸಿದ ಪರಿಹಾರದ ಮೊತ್ತ 3,500 ಕೋಟಿ ರೂಪಾಯಿ.

ನಮ್ಮ ಕರಾವಳಿಯವರೂ ನಗುವಂತಿಲ್ಲ. ‘ಕೆರೆ ಮೀನಿಗೆ ಮಣ್ಣಿನ ವಾಸನೆ, ನಮ್ಮ ಬಂಗುಡೆ-ಬೂತಾಯಿ ಸಮುದ್ರದ್ದು, ಶುದ್ಧ’ ಎಂದು ಬಂಗಾಳಿಗಳೆದುರು ಜಂಬ ಕೊಚ್ಚುವ ಉಡುಪಿಯವರು ತಮ್ಮೂರಿನ ಇಂದ್ರಾಣಿ ಹೊಳೆಯ ಸ್ಥಿತಿಯನ್ನು ಒಮ್ಮೆ ನೋಡಿ ಬರಬೇಕು. ತೀರ್ಥವೆಂದು ಕರೆಸಿಕೊಂಡ ಹೊಳೆ ನಗರದ ಕೊಳಚೆ ಹೊತ್ತು ಕಡಲಿನತ್ತ ಸಾಗುತ್ತಿದೆ. ಮುಂಬಯಿಯಲ್ಲಿ ವರ್ಲಿ, ಬಾಂದ್ರಾಗಳಿಂದ ಕಡಲೊಳಗೆ ಮೂರು ಕಿಲೋಮೀಟರಿಗೂ ಉದ್ದದ ಕೊಳವೆ ಹಾಕಿ ಹೊಲಸು ಬಿಡುವ ವ್ಯವಸ್ಥೆ ಮಾಡಿಕೊಂಡರು. ಕಡಲು ದೊಡ್ಡದು, ಎಲ್ಲವನ್ನೂ ನುಂಗುತ್ತದೆ ಎಂಬ ನಂಬಿಕೆಯೇ ಇದಕ್ಕೆ ಮೂಲ. ವಿದ್ಯಾಧರಿಯ ಬಗ್ಗೆಯೂ ಒಂದು ಕಾಲದಲ್ಲಿ ಅದೇ ನಂಬಿಕೆಯಿತ್ತು.

ನಗೆಯಿಂದ ಆದ ಉಪಕಾರ

ಹಾಗೆಂದು ಹಾಸ್ಯ ತಪ್ಪೆಂದಲ್ಲ. ಎತ್ತ ಮುಖ ಮಾಡಿ ನಗುತ್ತೇವೆ ಎಂಬುದು ಮುಖ್ಯ. 1858ರ ಬೇಸಗೆಯಲ್ಲಿ ಲಂಡನಿನ ಥೇಮ್ಸ್ ನದಿ ನಾರಿದಾಗ ‘ಪಂಚ್’ ಪತ್ರಿಕೆ ಕೊಳಕು ಮುದುಕನಂತೆ ನದಿಯನ್ನು ಚಿತ್ರಿಸಿ ಆಳುವವರನ್ನು ಗೇಲಿ ಮಾಡಿತು. ದುರ್ವಾಸನೆ ಪಾರ್ಲಿಮೆಂಟಿನ ಕಿಟಕಿಯೊಳಕ್ಕೇ ನುಗ್ಗಿದ್ದರಿಂದ ಒಳಚರಂಡಿಗೆ ಹಣ ಬೇಗನೆ ಮಂಜೂರಾಯಿತು. ಅದೇ ದೇಶದ ಕಾರ್ನ್‌ವಾಲ್ ಕರಾವಳಿಯಲ್ಲಿ 1990ರಲ್ಲಿ, ಅಲೆಯ ಮೇಲೆ ಜಾರುವ ಆಟದ ಯುವಕರು ಕಡಲಿನಲ್ಲಿ ತೇಲುವ ಹೊಲಸಿನಿಂದ ಬೇಸತ್ತು ‘ಸರ್ಫರ್ಸ್ ಅಗೇನ್‌ಸ್ಟ್ ಸೀವೇಜ್’ ಎಂಬ ಸಂಘಟನೆ ಕಟ್ಟಿದರು. ವಿಷಾನಿಲದ ಮುಖವಾಡ ತೊಟ್ಟು, ಗಾಳಿ ತುಂಬಿದ ದೊಡ್ಡ ಮಲದ ಬೊಂಬೆ ಹೊತ್ತು ಅವರು ಅಧಿಕಾರಸ್ಥರ ಬಾಗಿಲಿಗೆ ಹೋದರು. ಜನ ನಕ್ಕರು. ಆದರೆ ಆ ನಗು ಕೊಳವೆಯ ಬಾಯಿ ಯಾರದು ಎಂದು ಬೆರಳು ತೋರಿಸಿತು.

ನಮ್ಮ ಪಂಕ್ತಿಯ ನಗು ಮಾತ್ರ ತೊಳೆಯುವವನ ಕಡೆಗೆ ಬೆರಳು ತೋರಿಸುತ್ತಿದೆ. ಕೊಳೆ ಮಾಡಿದವರು ನಾವು, ತೊಳೆದವನು ಮೀನುಗಾರ, ತಮಾಷೆ ಅವನ ಮೀನಿನ ಮೇಲೆ. ಇದು ನ್ಯಾಯವೇ?

ನಗು ನಿಲ್ಲುವ ಜಾಗ

ಭೇರಿ ಎಲ್ಲವನ್ನೂ ತೊಳೆಯಬಲ್ಲದು ಎಂಬ ಭ್ರಮೆಯೂ ಬೇಡ. ಮನೆಯ ಕೊಳೆಯನ್ನು ಅದು ಜೀರ್ಣಿಸಿಕೊಳ್ಳುತ್ತದೆ. ಕಾರ್ಖಾನೆಯ ಕ್ರೋಮಿಯಂ, ಸೀಸಗಳನ್ನು ಪಾಚಿಯಾಗಲಿ ಬ್ಯಾಕ್ಟೀರಿಯಾವಾಗಲಿ ಒಡೆಯಲಾರವು. 1996ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ಟ್ಯಾಂಗ್ರಾ, ಟಾಪ್ಸಿಯಾ, ತಿಲ್ಜಲಾಗಳ ಚರ್ಮದ ಕಾರ್ಖಾನೆಗಳು ಬಾಂತಲಾದ ಚರ್ಮ ಸಂಕೀರ್ಣಕ್ಕೆ ಹೋಗಬೇಕಾಯಿತು. ಬಾಂತಲಾ ಇರುವುದೂ ಜೌಗು ಪ್ರದೇಶದ ಪಕ್ಕದಲ್ಲೇ.

2025ರ ಫೆಬ್ರವರಿ 2ರಂದು ಅದೇ ಬಾಂತಲಾದಲ್ಲಿ ಮ್ಯಾನ್‌ಹೋಲ್ ಶುಚಿಗೊಳಿಸಲು ಇಳಿದ ಮೂವರು ಕಾರ್ಮಿಕರು ಜೀವಂತವಾಗಿ ಮೇಲೆ ಬರಲಿಲ್ಲ. ಮನುಷ್ಯರಿಂದ ಮಲ ಬಾಚಿಸುವುದು, ಚರಂಡಿ ಶುಚಿಗೊಳಿಸುವುದು ನಿಲ್ಲಬೇಕೆಂದು ಕೋಲ್ಕತಾ, ಬೆಂಗಳೂರು ಸೇರಿ ಆರು ಮಹಾನಗರಗಳಿಗೆ ಸುಪ್ರೀಂ ಕೋರ್ಟ್ ಆದೇಶವಿತ್ತು ಅಂದಿಗೆ ಒಂದು ವಾರವೂ ಆಗಿರಲಿಲ್ಲ. 2021ರ ಫೆಬ್ರವರಿಯಲ್ಲಿ ಕುದ್‌ಘಾಟಿನಲ್ಲಿ ನಾಲ್ವರು ಇದೇ ರೀತಿ ಪ್ರಾಣ ಬಿಟ್ಟಿದ್ದರು. ಇದನ್ನು ನಿಷೇಧಿಸುವ ಕೇಂದ್ರ ಕಾಯಿದೆ 2013ರಿಂದಲೂ ಇದೆ. ಕೊಳಚೆಯ ಹಾಸ್ಯ ಈ ಬಾಯಿಯ ಬಳಿಗೆ ಬಂದಾಗ ತಾನಾಗಿ ನಿಲ್ಲಬೇಕು.

ಜೌಗು ಪ್ರದೇಶದ ಒತ್ತುವರಿಯೂ ಅಷ್ಟೇ ಕಳವಳಕಾರಿ. ಐನೂರರಷ್ಟು ಅಕ್ರಮ ಕಟ್ಟಡಗಳನ್ನು ಅಧಿಕಾರಿಗಳೇ ಗುರುತಿಸಿದ್ದು, ತೆರವಿಗೆ ಕಲ್ಕತ್ತಾ ಹೈಕೋರ್ಟ್ ಚಾಟಿ ಬೀಸಬೇಕಾಗಿ ಬಂದಿದೆ. 2025ರ ಸೆಪ್ಟೆಂಬರ್ 22-23ರ ರಾತ್ರಿ ಸುಮಾರು 250 ಮಿಲಿಮೀಟರ್ ಮಳೆ ಸುರಿದು, ದುರ್ಗಾಪೂಜೆಯ ಹೊಸ್ತಿಲಲ್ಲಿ ಊರು ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ವಿದ್ಯುತ್ ತಗುಲಿ ಹಲವರು ಪ್ರಾಣ ಕಳೆದುಕೊಂಡರು. ಅಂತಹ ಮಳೆಯ ನೀರು ಇಳಿಯಬೇಕಾದದ್ದೂ ಅದೇ ಪೂರ್ವಕ್ಕೆ. ಅಲ್ಲಿ ಕೆರೆ ತುಂಬಿಸಿ ಕಟ್ಟಡ ಎಬ್ಬಿಸಿದರೆ ನೀರು ಹೋಗುವುದೆಲ್ಲಿಗೆ? ನಮ್ಮ ಮನೆಯ ನೆಲ ಅಂತಸ್ತಿಗೇ ತಾನೆ!

ನಾವೇನು ಮಾಡಬಹುದು?

ಹೊರನಾಡಿನಲ್ಲಿ ನೆಲೆಸಿದವರು ಇಲ್ಲಿನ ವಿಷಯಗಳಲ್ಲಿ ತಲೆಹಾಕುವುದೇಕೆ ಎಂಬ ಸಂಕೋಚ ನಮ್ಮಲ್ಲಿ ಕೆಲವರಿಗಿದೆ. ಆದರೆ ಈ ಊರಿನ ಅನ್ನ ಉಂಡವರ ಕೊಳೆಯೂ ಈ ಊರಿನ ಕಾಲುವೆಯಲ್ಲೇ ಹರಿಯುತ್ತದೆ. ಚರಂಡಿಗೆ ಬಂಗಾಳಿ-ಕನ್ನಡಿಗ ಭೇದವಿಲ್ಲ.

ಪ್ರತಿಯೊಂದು ಕುಟುಂಬಕ್ಕೂ ಸಾಧ್ಯವಾದ ಕೆಲಸಗಳಿವೆ. ಬಣ್ಣ, ಆಸಿಡ್, ಹಳೆಯ ಔಷಧಿ, ಬ್ಯಾಟರಿ, ಪ್ಲಾಸ್ಟಿಕ್ ಇವನ್ನು ಚರಂಡಿಗೆ ಸೇರಿಸದಿದ್ದರೆ ಭೇರಿಯವನ ಅರ್ಧ ಕಷ್ಟ ಕಳೆಯುತ್ತದೆ. ಬೈಪಾಸ್ ಆಚೆ ಅಗ್ಗಕ್ಕೆ ಫ್ಲಾಟ್ ಸಿಗುತ್ತದೆಂದು ಮುಂಗಡ ಕೊಡುವ ಮುನ್ನ ಆ ಜಾಗ 2006ರ ಕಾಯಿದೆಯಡಿ ರಕ್ಷಿತವಾದ ಮೌಜಾಕ್ಕೆ ಸೇರಿದೆಯೇ ಎಂದು ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ಕಟ್ಟಡದ ಸೆಪ್ಟಿಕ್ ಟ್ಯಾಂಕ್ ತುಂಬಿದಾಗ ಯಂತ್ರದ ಗಾಡಿಯನ್ನೇ ಕರೆಸಬೇಕು. ನಾಲ್ಕು ಕಾಸು ಉಳಿಯುತ್ತದೆಂದು ಮನುಷ್ಯನನ್ನು ಇಳಿಸಲು ಸೊಸೈಟಿಯ ಸಭೆಯಲ್ಲಿ ಯಾರಾದರೂ ಸಲಹೆಯಿತ್ತರೆ ನಮ್ಮವರು ಎದ್ದುನಿಂತು ಬೇಡವೆನ್ನಬೇಕು.

ಸಂಘದ ವಾರ್ಷಿಕ ವಿಹಾರಕ್ಕೆ ಪ್ರತಿವರ್ಷ ದೀಘಾ, ಶಾಂತಿನಿಕೇತನ ಎನ್ನುವ ಬದಲು ಒಂದು ಚಳಿಗಾಲದ ಭಾನುವಾರ ಬಸಂತಿ ಹೆದ್ದಾರಿ ಹಿಡಿದು ಭೇರಿಗಳ ಕಡೆಗೆ ಹೋಗಬಹುದು. ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಓದುವ ಪರಿಸರ ಪಾಠವನ್ನು ಅಲ್ಲಿ ಬದುವಿನ ಮೇಲೆ ನಡೆದು ಕಣ್ಣಾರೆ ಕಾಣಲಿ. ಬೆಳಗಿನ ಹೊತ್ತಿಗೆ ಬಲೆ ಎಳೆಯುವವರನ್ನು, ಅಲ್ಯುಮಿನಿಯಂ ಹಂಡೆಗಳಲ್ಲಿ ಜೀವಂತ ಮೀನು ಹೊತ್ತು ಮಾರುಕಟ್ಟೆಗೆ ಓಡುವವರನ್ನು ಮಾತನಾಡಿಸಲಿ.

ಮುಂದಿನ ಸಲ ಪಂಕ್ತಿಯಲ್ಲಿ ಭಟ್ಟರು ಶೆಟ್ಟರನ್ನು ಛೇಡಿಸಲಿ, ಶೆಟ್ಟರು ಹೂಕೋಸಿನ ಉತ್ತರ ಕೊಡಲಿ. ಊಟದ ರುಚಿ ಹೆಚ್ಚಿಸುವ ನಗೆಗೆ ಯಾರೂ ಅಡ್ಡಿ ಬರುವುದಿಲ್ಲ. ನಕ್ಕಾದ ಮೇಲೆ, ಕೈ ತೊಳೆದ ನೀರು ಬಚ್ಚಲಿಗೆ ಇಳಿಯುವಾಗ, ಅದನ್ನು ಕಾದು ತೂಬಿನ ಬಳಿ ನಿಂತಿರುವವನಿಗೆ ನಾವು ಎಂತಹ ನೀರನ್ನು ಕಳುಹಿಸುತ್ತಿದ್ದೇವೆ ಎಂಬ ವಿಚಾರ ಸಮಾಜ ಬಾಂಧವರ ಮನಸ್ಸಿನಲ್ಲಿ ಸುಳಿದರೆ ಅಷ್ಟೇ ಸಾಕು.